ಮೌನಕ್ಕೆ ಎರಡು ಕಾರಣ

ದೂರದ ಊರಿನ ಬಂಧುಗಳಿಗೆ ಪತ್ರವೊಂದನ್ನು ಬರೆದು ಅಂಚೆಗೆ ಹಾಕಿದೆವು, ಉತ್ತರ ಬರಲಿಲ್ಲ. ಈ ಮೌನಕ್ಕೆ ಅರ್ಥವೇನು? ಹಬ್ಬದ ದಿನಗಳ ಕಾರಣ ಅಂಚೆಯ ಚೀಲಗಳು ರಾಶಿ ಬಿದ್ದು ನಮ್ಮ ಪತ್ರ ಆ ರಾಶಿಯಲ್ಲಿ ಹೂತುಹೋಗಿರಬಹುದು. ಇಲ್ಲವೆ ದಾರಿಯಲ್ಲಿ ನೀರು ತಗುಲಿ ವಿಳಾಸವೇ ಅಳಿಸಿಹೋಗಿರಬಹುದು. ಮೊದಲನೆಯದು ನಿಜವಾದರೆ ಕೆಲವು ಕಾಲ ಕೈ ತಡೆದು ಕುಳಿತುಕೊಳ್ಳುವುದೇ ವಿವೇಕ. ಮೇಲಿಂದ ಮೇಲೆ ಪತ್ರ ಹಾಕಿದಷ್ಟೂ ರಾಶಿ ಬೆಳೆಯುತ್ತದೆ. ಎರಡನೆಯದು ನಿಜವಾದರೆ ತಡಮಾಡದೆ ಇನ್ನೊಂದು ಪತ್ರ ಬರೆಯುವುದೇ ವಿವೇಕ. ಸುಮ್ಮನಿದ್ದರೆ ಬರಿಯ ಕಾಲಹರಣ. ಲಕ್ಷಣ ಒಂದೇ, ಕಾರಣಗಳು ಎರಡು, ಔಷಧಗಳೂ ಎರಡು. ರೋಗವನ್ನರಿಯದೆ ಔಷಧ ಕೊಟ್ಟ ವೈದ್ಯನ ಪಾಡು ಬರೆದವನದಾಗುತ್ತದೆ.

ನಮ್ಮ ಮನೆಗಳ ಕೈದೂರವಾಣಿಗಳು ದಿನವೂ ಎದುರಿಸುವ ಪ್ರಶ್ನೆ ಇದೇ. ನಮ್ಮ ಎಷ್ಟೋ ಕುಟುಂಬಗಳ ಮಕ್ಕಳು ಎಂಜಿನಿಯರಿಂಗ್ ಕಾಲೇಜಿನ ಕೊನೆಯ ವರ್ಷದಲ್ಲಿ ಗಣಕಯಂತ್ರದ ಮುಂದೆ ಕುಳಿತು, 'ನಿಸ್ತಂತು ಜಾಲದಲ್ಲಿ ದಟ್ಟಣೆ ನಿಯಂತ್ರಣದ ಅನುಕರಣ' ಎಂಬ ಹೆಸರಿನ ಪ್ರಾಜೆಕ್ಟ್ ಮಾಡುವುದುಂಟು. ಮನೆಯ ಹಿರಿಯರಿಗೆ ಅದರ ತಲೆಬುಡ ತಿಳಿಯದು, ಕೇಳಲು ಸಂಕೋಚ. ಆದರೆ ಈ ವಿಷಯದ ಒಳಗಿನ ವಿಚಾರ ಗೃಹಸ್ಥರಿಗೆ ಅರ್ಥವಾಗದಂಥದೇನೂ ಅಲ್ಲ. ಈ ತಿಂಗಳು ಅದನ್ನೇ ವಿಚಾರ ಮಾಡೋಣ.

ನಾವು ಕಳುಹಿಸುವ ಚಿತ್ರ, ತುಂಬುವ ಅರ್ಜಿ, ಓದುವ ಪುಟ, ಇವಾವುವೂ ಜಾಲದಲ್ಲಿ ಇಡಿಯಾಗಿ ಸಾಗುವುದಿಲ್ಲ. ಅವನ್ನು ಸಣ್ಣ ಸಣ್ಣ ಪೊಟ್ಟಣಗಳಾಗಿ ಕತ್ತರಿಸಿ, ಪ್ರತಿಯೊಂದಕ್ಕೂ ವಿಳಾಸ ಮತ್ತು ಕ್ರಮಸಂಖ್ಯೆ ಬರೆದು ಕಳುಹಿಸಲಾಗುತ್ತದೆ. ದಾರಿಯ ಕೂಡುರಸ್ತೆಗಳಲ್ಲಿ ರೂಟರ್ ಎಂಬ ಯಂತ್ರಗಳು ಅವನ್ನು ಸರತಿಯಲ್ಲಿ ನಿಲ್ಲಿಸಿ ಮುಂದಕ್ಕೆ ದಾಟಿಸುತ್ತವೆ. ಸರತಿಗೆ ಸ್ಥಳ ಸಾಲದಾದಾಗ ಹೊಸದಾಗಿ ಬಂದ ಪೊಟ್ಟಣವನ್ನು ಕೆಳಗೆ ಬಿಟ್ಟುಬಿಡುತ್ತವೆ. ಬಿಟ್ಟೆನೆಂದು ಯಾರಿಗೂ ಹೇಳುವುದಿಲ್ಲ. ಹೀಗೆ ಕಳೆದುಹೋದುದನ್ನು ಪತ್ತೆಹಚ್ಚಿ ಮತ್ತೆ ಕಳುಹಿಸುವ ಹೊಣೆ ಹೊತ್ತಿರುವುದು ಟಿಸಿಪಿ ಎಂಬ ಸಾಗಣೆಯ ನಿಯಮಾವಳಿ. ವಿಂಟ್ ಸರ್ಫ್ ಮತ್ತು ರಾಬರ್ಟ್ ಕಾನ್ ಎಂಬ ಅಮೆರಿಕದ ವಿದ್ವಾಂಸರು ೧೯೭೪ರಲ್ಲಿ ಅದರ ಮೂಲ ವಿಚಾರವನ್ನು ಪ್ರಕಟಿಸಿದರು; ೧೯೮೩ರ ಜನವರಿ ೧ರಂದು ಅಂದಿನ ಆರ್ಪಾನೆಟ್ ಜಾಲ ಅದಕ್ಕೆ ಹೊರಳಿಕೊಂಡಿತು. ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಮುಟ್ಟಿದುದಕ್ಕೆ ಸಹಿ ಹಾಕಿದ ಚೀಟಿ ಹಿಂದಿರುಗಿ ಬರುತ್ತಿದ್ದುದನ್ನು ಹಿರಿಯರು ಬಲ್ಲರು. ಟಿಸಿಪಿಯಲ್ಲಿಯೂ ಪೊಟ್ಟಣ ಮುಟ್ಟಿದೊಡನೆ ಪಡೆದ ಯಂತ್ರ ಅಂಥದೊಂದು ಸ್ವೀಕೃತಿಯನ್ನು ಹಿಂದಕ್ಕೆ ಕಳುಹಿಸುತ್ತದೆ. ಕಳುಹಿಸಿದವನಿಗೆ ಜಗತ್ತಿನ ಸುದ್ದಿ ತಿಳಿಯುವುದು ಈ ಸ್ವೀಕೃತಿಗಳಿಂದ ಮಾತ್ರ. ಅವು ನಿಂತರೆ ಅವನ ಪಾಲಿಗೆ ಉಳಿಯುವುದು ಮೌನ.

೧೯೮೬ರ ಅಕ್ಟೋಬರ್ ತಿಂಗಳಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಂದು ವಿಚಿತ್ರ ನಡೆಯಿತು. ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿಯ ವಿಶ್ವವಿದ್ಯಾಲಯಕ್ಕೂ ನಡುವೆ ೪೦೦ ಗಜಗಳ ಅಂತರ. ಅವುಗಳ ನಡುವಿನ ಜಾಲದ ವೇಗ ಸೆಕೆಂಡಿಗೆ ೩೨,೦೦೦ ಬಿಟ್‌ಗಳಿಂದ ೪೦ ಬಿಟ್‌ಗಳಿಗೆ ಕುಸಿಯಿತು. ಒಂದು ಇಂಗ್ಲಿಷ್ ಅಕ್ಷರಕ್ಕೆ ಎಂಟು ಬಿಟ್ ಎಂದು ಲೆಕ್ಕ ಹಿಡಿದರೆ, ಸೆಕೆಂಡಿಗೆ ನಾಲ್ಕು ಸಾವಿರ ಅಕ್ಷರ ಸಾಗುತ್ತಿದ್ದ ದಾರಿಯಲ್ಲಿ ಐದೇ ಅಕ್ಷರ ಸಾಗಿದಂತಾಯಿತು. ದಾರಿ ಕಡಿದಿರಲಿಲ್ಲ, ಯಂತ್ರ ಕೆಟ್ಟಿರಲಿಲ್ಲ. ಸ್ವೀಕೃತಿ ಬಾರದೆ ಹೋದಾಗ ಎಲ್ಲರೂ ಕಾತರಗೊಂಡು ಅದೇ ಪೊಟ್ಟಣವನ್ನು ಮತ್ತೆ ಮತ್ತೆ ಕಳುಹಿಸಿದ್ದರು; ದಾರಿಯೆಲ್ಲ ನಕಲುಗಳಿಂದಲೇ ತುಂಬಿಹೋಗಿತ್ತು. ಇಂಥ ಕುಸಿತ ಸಂಭವಿಸೀತೆಂದು ಜಾನ್ ನೇಗಲ್ ಎಂಬವರು ೧೯೮೪ರಲ್ಲಿಯೇ ಎಚ್ಚರಿಸಿದ್ದರು.

ಆ ಪ್ರಯೋಗಾಲಯದ ವ್ಯಾನ್ ಜಾಕಬ್ಸನ್ ಅವರು, ಮೈಕಲ್ ಕ್ಯಾರೆಲ್ಸ್ ಅವರೊಡಗೂಡಿ, ಇದಕ್ಕೆ ಪರಿಹಾರ ಹುಡುಕಿದರು. ೧೯೮೮ರಲ್ಲಿ ಅದು ಪ್ರಬಂಧರೂಪದಲ್ಲಿ ಪ್ರಕಟವಾಯಿತು. ಅದರ ಸಾರ ಇಷ್ಟೆ. ಕಳುಹಿಸುವವನು ಏಕಕಾಲಕ್ಕೆ ದಾರಿಯಲ್ಲಿರಬಹುದಾದ ಪೊಟ್ಟಣಗಳಿಗೆ ತಾನೇ ಒಂದು ಮಿತಿಯನ್ನು ಹಾಕಿಕೊಳ್ಳಬೇಕು. ಮೊದಲು ಒಂದರಿಂದ ಆರಂಭಿಸಿ, ಸ್ವೀಕೃತಿಗಳು ಬಂದಂತೆ ಎರಡು, ನಾಲ್ಕು, ಎಂಟು ಎಂದು ಏರಬೇಕು. ದಾರಿಯ ಶಕ್ತಿಯ ಸಮೀಪಕ್ಕೆ ಬಂದ ಮೇಲೆ ಪ್ರತಿ ಸುತ್ತಿಗೆ ಒಂದರಂತೆ ಮಾತ್ರ ಹೆಚ್ಚಿಸಬೇಕು. ಪೊಟ್ಟಣವೊಂದು ಕಳೆದುಹೋಯಿತೆಂದು ತಿಳಿದಾಗ ಹಿಂಜರಿಯಬೇಕು. ಮೊದಲ ಆವೃತ್ತಿ ಮಿತಿಯನ್ನು ಒಂದಕ್ಕೇ ಇಳಿಸುತ್ತಿತ್ತು. ೧೯೯೦ರ ರೀನೋ ಎಂಬ ಆವೃತ್ತಿ ಸಾಮಾನ್ಯವಾಗಿ ಅರ್ಧಕ್ಕೆ ಇಳಿಸಿತು. ಏರುವಾಗ ಮೆಲ್ಲಗೆ, ಇಳಿಯುವಾಗ ಬೇಗನೆ. ಈ ರೀತಿ ನಡೆದುಕೊಂಡರೆ ಒಂದೇ ದಾರಿಯನ್ನು ಬಳಸುವ ಹಲವರು ಕಾಲಕ್ರಮದಲ್ಲಿ ಸಮಪಾಲಿನ ಕಡೆಗೇ ಸಾಗುತ್ತಾರೆಂಬುದನ್ನು ಚಿಯು ಮತ್ತು ರಾಜ್ ಜೈನ್ ಎಂಬ ಇಬ್ಬರು ೧೯೮೯ರಲ್ಲಿ ಗಣಿತದಿಂದ ತೋರಿಸಿದರು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಈ ಸಂಯಮವನ್ನು ಯಾರೂ ಮೇಲೆ ನಿಂತು ಹೇರುವುದಿಲ್ಲ. ದಾರಿಯಲ್ಲಿ ಪೊಲೀಸರಿಲ್ಲ. ಪ್ರತಿಯೊಬ್ಬನೂ ತಾನಾಗಿ ಹಿಂಜರಿದುದರಿಂದಲೇ ಎಲ್ಲರಿಗೂ ದಾರಿ ಉಳಿಯಿತು. ಒಬ್ಬನು ಹಿಂಜರಿಯದೆ ನುಗ್ಗಿದರೆ ಅವನಿಗೆ ಹೆಚ್ಚು ಪಾಲು ಸಿಕ್ಕೀತು. ಎಲ್ಲರೂ ನುಗ್ಗಿದರೆ ೧೯೮೬ರ ಸ್ಥಿತಿ ಮರಳೀತು.

ಆದರೆ ಜಾಕಬ್ಸನ್ ಅವರ ನಿಯಮ ಒಂದು ನಂಬಿಕೆಯ ಮೇಲೆ ನಿಂತಿತ್ತು. ಅದನ್ನು ಅವರು ಮರೆಮಾಚದೆ ಪ್ರಬಂಧದಲ್ಲಿ ಬರೆದಿದ್ದಾರೆ. ಪೊಟ್ಟಣ ಕಳೆಯುವುದಕ್ಕೆ ಎರಡು ಕಾರಣಗಳು: ದಾರಿಯಲ್ಲಿ ಹಾಳಾಗುವುದು, ಇಲ್ಲವೆ ದಟ್ಟಣೆ. ಹಾಳಾಗುವುದು ತೀರ ಅಪರೂಪ, ನೂರಕ್ಕೆ ಒಂದಕ್ಕಿಂತ ಎಷ್ಟೋ ಕಡಿಮೆ. ಆದುದರಿಂದ ಕಳೆದುದೆಲ್ಲವೂ ದಟ್ಟಣೆಯಿಂದಲೇ ಎಂದು ಹಿಡಿಯಬಹುದು. ತಂತಿಯ ಜಾಲದಲ್ಲಿ ಇದು ಸಾಧುವಾದ ಮಾತು. ನಿಸ್ತಂತು ಜಾಲದಲ್ಲಿ ಹಾಗಲ್ಲ. ಗೋಡೆ, ಗುಡ್ಡ, ನಡುವೆ ಹಾದುಹೋದ ಲಾರಿ, ಪಕ್ಕದ ಉಪಕರಣದ ಗದ್ದಲ, ಬಸ್ಸಿನಲ್ಲಿ ಸಾಗುವಾಗ ಒಂದು ಗೋಪುರದಿಂದ ಇನ್ನೊಂದಕ್ಕೆ ಹೊರಳುವ ಕ್ಷಣ, ಇವೆಲ್ಲವೂ ಪೊಟ್ಟಣಗಳನ್ನು ಕೆಡಿಸುತ್ತವೆ. ದಾರಿ ಖಾಲಿಯಿದ್ದರೂ ಮೌನ ಉಂಟಾಗುತ್ತದೆ. ಟಿಸಿಪಿ ಆ ಮೌನವನ್ನು ದಟ್ಟಣೆಯೆಂದು ತಿಳಿದು, ಹಿಂಜರಿಯಬಾರದಲ್ಲಿ ಹಿಂಜರಿಯುತ್ತದೆ.

ಇದರಿಂದಾಗುವ ನಷ್ಟ ಎಷ್ಟೆಂಬುದನ್ನು ಮನೆಯಲ್ಲಿಯೇ ಅಳೆಯಬಹುದು. ಮಕ್ಕಳ ಹಾವು-ಏಣಿ ಆಟದ ದಾಳವನ್ನೂ ಕಾಗದ ಪೆನ್ಸಿಲನ್ನೂ ತೆಗೆದುಕೊಳ್ಳಿ. ದಾರಿಯಲ್ಲಿ ಏಕಕಾಲಕ್ಕೆ ೨೦ ಪೊಟ್ಟಣಗಳಿಗೆ ಸ್ಥಳವಿದೆಯೆಂದು ಭಾವಿಸಿರಿ. ಮಿತಿಯನ್ನು ೧೦ರಿಂದ ಆರಂಭಿಸಿ ಪ್ರತಿ ಸುತ್ತಿಗೆ ಒಂದು ಕೂಡಿಸಿರಿ; ೨೦ನ್ನು ಮೀರಿದೊಡನೆ ಅರ್ಧಕ್ಕೆ, ಅಂದರೆ ೧೦ಕ್ಕೆ ಇಳಿಸಿರಿ. ಹತ್ತರಿಂದ ಇಪ್ಪತ್ತರವರೆಗೆ ಏರಿ ಮತ್ತೆ ಹತ್ತಕ್ಕೆ ಇಳಿಯುವ ಈ ಆಟದ ಸರಾಸರಿ ೧೫. ಇದು ತಂತಿಯ ಜಾಲ. ಈಗ ಗಾಳಿಯ ಕಾಟವನ್ನು ಸೇರಿಸೋಣ. ಪ್ರತಿ ಸುತ್ತಿನಲ್ಲಿಯೂ ದಾಳ ಹಾಕಿರಿ. ಆರು ಬಿದ್ದರೆ ಒಂದು ಪೊಟ್ಟಣ ಗಾಳಿಯಲ್ಲಿ ಕೆಟ್ಟಿತೆಂದು ತಿಳಿದು, ಆಗಲೂ ನಿಯಮದಂತೆ ಮಿತಿಯನ್ನು ಅರ್ಧಕ್ಕೆ ಇಳಿಸಿರಿ. ಕೆಲವು ನೂರು ಸುತ್ತು ಆಡಿದರೆ ಸರಾಸರಿ ೯ರ ಆಸುಪಾಸಿಗೆ ಬಂದು ನಿಲ್ಲುವುದು. ಕೆಟ್ಟುದು ಸುತ್ತಿನ ಹಲವು ಪೊಟ್ಟಣಗಳಲ್ಲಿ ಒಂದು ಮಾತ್ರ, ಅದೂ ಆಗೊಮ್ಮೆ ಈಗೊಮ್ಮೆ. ಆದರೂ ದಾರಿಯ ಅರ್ಧಕ್ಕಿಂತ ಹೆಚ್ಚು ಭಾಗ ಬರಿದಾಗಿ ಉಳಿಯಿತು. ಆರು ಬಿದ್ದಾಗ 'ಇದು ದಟ್ಟಣೆಯಲ್ಲ' ಎಂದು ತಿಳಿಯುವ ಉಪಾಯವಿದ್ದು, ಮಿತಿಯನ್ನು ಇಳಿಸದೆ ಆ ಒಂದು ಪೊಟ್ಟಣವನ್ನಷ್ಟೇ ಮತ್ತೆ ಕಳುಹಿಸಿದ್ದರೆ ಸರಾಸರಿ ಹದಿನೈದರ ಬಳಿಯೇ ಇರುತ್ತಿತ್ತು.

ಇದನ್ನೇ ೧೯೯೭ರಲ್ಲಿ ಮ್ಯಾಥಿಸ್ ಮತ್ತು ಸಂಗಡಿಗರು ಒಂದು ಸೂತ್ರವಾಗಿ ಹೇಳಿದರು: ವೇಗವು ನಷ್ಟದ ಪ್ರಮಾಣದ ವರ್ಗಮೂಲಕ್ಕೆ ವಿಲೋಮವಾಗಿರುತ್ತದೆ. ೧,೪೬೦ ಬೈಟ್‌ಗಳ ಪೊಟ್ಟಣ, ಹೋಗಿಬರಲು ಸೆಕೆಂಡಿನ ಹತ್ತನೆಯ ಒಂದು ಭಾಗ, ಹತ್ತು ಸಾವಿರಕ್ಕೆ ಒಂದು ನಷ್ಟ ಎಂದಾದರೆ ವೇಗ ಸೆಕೆಂಡಿಗೆ ಸುಮಾರು ೧೪ ಮೆಗಾಬಿಟ್. ನಷ್ಟ ನೂರಕ್ಕೆ ಒಂದಾದರೆ ಅದು ೧.೪ ಮೆಗಾಬಿಟ್‌ಗೆ ಇಳಿಯುತ್ತದೆ. ದಾರಿ ಎಷ್ಟೇ ಅಗಲವಾಗಿದ್ದರೂ ಈ ಲೆಕ್ಕ ತಪ್ಪದು.

ಓದುಗ ಬಂಧುಗಳೇ, ದಾಳ ಹಿಡಿದು ನಾವು ಈಗ ಮಾಡಿದ್ದೇ ಅನುಕರಣ. ಇಂಗ್ಲಿಷಿನಲ್ಲಿ ಸಿಮ್ಯುಲೇಶನ್ ಎನ್ನುವರು. ನಿಜವಾದ ಜಾಲವಿರುವಾಗ ಈ ಆಟವೇಕೆ ಎಂದು ಕೇಳಬಹುದು. ಗಾಳಿ ಒಮ್ಮೆ ಇದ್ದಂತೆ ಇನ್ನೊಮ್ಮೆ ಇರುವುದಿಲ್ಲ. ಎರಡು ನಿಯಮಗಳನ್ನು ಹೋಲಿಸಬೇಕಾದರೆ ಎರಡಕ್ಕೂ ಒಂದೇ ಬಗೆಯ ಗಾಳಿ ಬೀಸಬೇಕು. ಇದಲ್ಲದೆ, ಪರೀಕ್ಷೆಯಾಗದ ನಿಯಮವನ್ನು ಎಲ್ಲರೂ ನಡೆಯುವ ದಾರಿಯ ಮೇಲೆ ಬಿಡುವುದು ಧರ್ಮವಲ್ಲ. ಆದುದರಿಂದ ಗಣಕದೊಳಗೆ ಒಂದು ಸಣ್ಣ ಲೋಕವನ್ನು ಕಟ್ಟುತ್ತಾರೆ. ಅದರಲ್ಲಿ ಘಟನೆಗಳ ಪಟ್ಟಿಯೊಂದಿರುತ್ತದೆ: ಇಂಥ ಕ್ಷಣಕ್ಕೆ ಪೊಟ್ಟಣ ಹೊರಟಿತು, ಇಂಥ ಕ್ಷಣಕ್ಕೆ ಸರತಿ ಸೇರಿತು, ಇಂಥ ಕ್ಷಣಕ್ಕೆ ಮುಟ್ಟಿತು. ಗಡಿಯಾರವು ಒಂದು ಘಟನೆಯಿಂದ ಮುಂದಿನ ಘಟನೆಗೆ ನೇರವಾಗಿ ಜಿಗಿಯುತ್ತದೆ. ದಾಳದ ಬದಲು ಗಣಕವೇ ಯಾದೃಚ್ಛಿಕ ಸಂಖ್ಯೆಗಳನ್ನು ಹುಟ್ಟಿಸುತ್ತದೆ; ಅವುಗಳ ಬೀಜಸಂಖ್ಯೆ ಒಂದೇ ಆದರೆ ದಾಳಗಳೂ ಅದೇ ಕ್ರಮದಲ್ಲಿ ಬೀಳುತ್ತವೆ. ಎಸ್. ಕೇಶವ್ ಅವರು ೧೯೮೯ರ ಸುಮಾರಿಗೆ ಬರ್ಕ್ಲಿಯಲ್ಲಿ ರಚಿಸಿದ ರಿಯಲ್ ಎಂಬ ತಂತ್ರಾಂಶದಿಂದ ಬೆಳೆದು ಬಂದದ್ದು ಎನ್‌ಎಸ್ ಎಂಬ ಅನುಕರಣದ ತಂತ್ರಾಂಶ. ಅದರ ಎರಡನೆಯ ಮತ್ತು ಮೂರನೆಯ ಪೀಳಿಗೆಗಳನ್ನು ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಬಲ್ಲರು.

ಗಾಳಿಯ ಕಾಟವನ್ನು ಒಂದೇ ದಾಳದಿಂದ ಚಿತ್ರಿಸಿದರೆ ಸಾಲದು. ನಿಸ್ತಂತು ನಷ್ಟ ಬಿಡಿಬಿಡಿಯಾಗಿ ಬರುವುದಿಲ್ಲ, ಗುಂಪಾಗಿ ಬರುತ್ತದೆ. ಬೆಲ್ ಪ್ರಯೋಗಾಲಯದ ಗಿಲ್ಬರ್ಟ್ ೧೯೬೦ರಲ್ಲಿಯೂ ಎಲಿಯಟ್ ೧೯೬೩ರಲ್ಲಿಯೂ ಇದಕ್ಕೊಂದು ಮಾದರಿಯನ್ನು ಕೊಟ್ಟರು. ದಾರಿಗೆ ಎರಡು ಸ್ಥಿತಿಗಳು, ಸುಸ್ಥಿತಿ ಮತ್ತು ದುಃಸ್ಥಿತಿ. ಒಂದರಲ್ಲಿದ್ದಾಗ ಅದರಲ್ಲಿಯೇ ಕೆಲಕಾಲ ಉಳಿದು, ಆಮೇಲೆ ಇನ್ನೊಂದಕ್ಕೆ ಹೊರಳುತ್ತದೆ. ಸುಸ್ಥಿತಿಯಲ್ಲಿ ನಷ್ಟ ವಿರಳ, ದುಃಸ್ಥಿತಿಯಲ್ಲಿ ನಿಬಿಡ. ಒಟ್ಟು ನಷ್ಟ ಅಷ್ಟೇ ಆದರೂ, ಬಿಡಿಯಾಗಿ ಬಂದರೆ ಒಂದು ಫಲ, ಗುಂಪಾಗಿ ಬಂದರೆ ಬೇರೊಂದು ಫಲ.

ಇಂಥ ಅಧ್ಯಯನಗಳಿಂದ ಲಾಭವಾಗಿದೆ. ೧೯೯೫ರಲ್ಲಿ ಬರ್ಕ್ಲಿಯ ಹರಿ ಬಾಲಕೃಷ್ಣನ್ ಮತ್ತು ಸಂಗಡಿಗರು ಸ್ನೂಪ್ ಎಂಬ ಉಪಾಯವನ್ನು ತೋರಿಸಿದರು. ತಂತಿಯ ದಾರಿ ಮುಗಿದು ಗಾಳಿಯ ದಾರಿ ಆರಂಭವಾಗುವ ಗೋಪುರದಲ್ಲಿಯೇ ಪೊಟ್ಟಣಗಳ ನಕಲನ್ನು ಇಟ್ಟುಕೊಂಡು, ಗಾಳಿಯಲ್ಲಿ ಕೆಟ್ಟುದನ್ನು ಅಲ್ಲಿಂದಲೇ ಮತ್ತೆ ಕಳುಹಿಸುವುದು. ದೂರದ ಕಳುಹಿಸುವವನಿಗೆ ಆ ಸುದ್ದಿ ಮುಟ್ಟದಂತೆ ತಡೆಯುವುದು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅನುರಾಗ್ ಕುಮಾರ್ ಅವರು, ನಷ್ಟವುಳ್ಳ ಕೊಂಡಿಯೊಂದು ಸ್ಥಳೀಯ ಜಾಲಕ್ಕೆ ಸೇರಿದಾಗ ಟಿಸಿಪಿಯ ಬೇರೆ ಬೇರೆ ಆವೃತ್ತಿಗಳು ಹೇಗೆ ನಡೆದುಕೊಳ್ಳುತ್ತವೆಂಬುದನ್ನು ಗಣಿತದ ಮಾದರಿಯಿಂದ ಹೋಲಿಸಿ ೧೯೯೮ರಲ್ಲಿ ಪ್ರಕಟಿಸಿದರು. ಮುಂದೆ ಅವರು ಆ ಸಂಸ್ಥೆಯ ನಿರ್ದೇಶಕರೂ ಆದರು.

ಆದರೆ ಅನುಕರಣದಲ್ಲಿ ಒಂದು ಅಪಾಯವಿದೆ. ನಾವು ಕಟ್ಟಿದ ಲೋಕ ನಾವು ಹೇಳಿದಂತೆಯೇ ನಡೆಯುತ್ತದೆ. ನಾವು ಬಯಸಿದ ಉತ್ತರವನ್ನು ಕೊಡುವಂತೆ ಅದನ್ನು ಕಟ್ಟುವುದು ಕಷ್ಟವಲ್ಲ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಡೇವಿಡ್ ಕೋಟ್ಸ್ ಮತ್ತು ಸಂಗಡಿಗರು ೨೦೦೩ರಲ್ಲಿ, ನಿಸ್ತಂತು ಜಾಲದ ಸಂಶೋಧಕರು ಪ್ರಶ್ನಿಸದೆ ಒಪ್ಪಿಕೊಂಡು ಬಂದ ಆರು ಹುಸಿ ನಂಬಿಕೆಗಳನ್ನು ಪಟ್ಟಿ ಮಾಡಿದರು. ಲೋಕ ಸಮತಟ್ಟಾಗಿದೆ ಎಂಬುದು ಒಂದು. ಅಲೆ ತಲಪುವ ಪ್ರದೇಶ ಸರಿಯಾದ ವೃತ್ತ ಎಂಬುದು ಇನ್ನೊಂದು. ಎಲ್ಲ ಯಂತ್ರಗಳ ವ್ಯಾಪ್ತಿಯೂ ಸಮಾನ. ನಿನ್ನ ದನಿ ನನಗೆ ಕೇಳಿದರೆ ನನ್ನದು ನಿನಗೂ ಕೇಳುತ್ತದೆ. ಕೇಳುವುದಾದರೆ ಪೂರ್ಣವಾಗಿಯೇ ಕೇಳುತ್ತದೆ. ಅಲೆಯ ಬಲ ದೂರವನ್ನು ಮಾತ್ರ ಅವಲಂಬಿಸುತ್ತದೆ ಎಂಬಿವು ಉಳಿದವು. ಮಲೆನಾಡಿನ ಕಣಿವೆಯಲ್ಲಿ ನಿಂತು ಕೈದೂರವಾಣಿ ಹಿಡಿದವರು ಯಾರೂ ಇವುಗಳಲ್ಲಿ ಒಂದನ್ನೂ ಒಪ್ಪಲಾರರು. ಆದರೂ ಗಣಕದೊಳಗಿನ ಲೋಕದಲ್ಲಿ ಇವು ಸಲೀಸಾಗಿ ಸೇರಿಕೊಂಡಿದ್ದವು.

ಇನ್ನೊಂದು ಸಂಗತಿ ಇದಕ್ಕಿಂತ ಖೇದಕರ. ಗೋಪುರಗಳಿಲ್ಲದೆ ಯಂತ್ರಗಳು ತಾವೇ ಪರಸ್ಪರ ಕಟ್ಟಿಕೊಳ್ಳುವ ಸಂಚಾರಿ ಜಾಲಗಳ ಬಗ್ಗೆ ಹೆಸರಾಂತ ಸಮ್ಮೇಳನವೊಂದರಲ್ಲಿ ೨೦೦೦ದಿಂದ ೨೦೦೫ರವರೆಗೆ ಪ್ರಕಟವಾದ ೧೫೧ ಪ್ರಬಂಧಗಳನ್ನು ಮೂವರು ವಿದ್ವಾಂಸರು ಪರಿಶೀಲಿಸಿದರು. ೧೧೪ ಪ್ರಬಂಧಗಳು ಅನುಕರಣವನ್ನು ಬಳಸಿದ್ದವು. ಆ ಪ್ರಬಂಧಗಳ ಪೈಕಿ ಬೇರೊಬ್ಬನು ಓದಿ ಅದೇ ಪ್ರಯೋಗವನ್ನು ಮತ್ತೆ ಮಾಡಿ ನೋಡಲು ಸಾಧ್ಯವಿದ್ದದ್ದು ನೂರಕ್ಕೆ ಹದಿನೈದಕ್ಕಿಂತ ಕಡಿಮೆ ಎಂದು ಅವರು ತೀರ್ಮಾನಿಸಿದರು. ಯಾವ ತಂತ್ರಾಂಶ, ಯಾವ ಬೀಜಸಂಖ್ಯೆ, ಎಷ್ಟು ಸಲ ಆಡಿಸಿದ್ದು ಎಂಬ ವಿವರಗಳೇ ಹಲವೆಡೆ ಇರಲಿಲ್ಲ. ನಮ್ಮ ದಾಳದ ಆಟವನ್ನೇ ನೆನೆಯಿರಿ. ಮೂವತ್ತು ಸುತ್ತುಗಳ ಒಂದೇ ಆಟದಲ್ಲಿ ಸರಾಸರಿ ಏಳೂ ಬರಬಹುದು, ಹನ್ನೆರಡೂ ಬರಬಹುದು. ಹನ್ನೆರಡು ಬಂದ ಆಟವನ್ನು ಮಾತ್ರ ಆರಿಸಿ ನಕ್ಷೆ ಬರೆದು 'ನನ್ನ ನಿಯಮ ಗೆದ್ದಿತು' ಎಂದರೆ, ಬರೆದ ಅಂಕಿಯಲ್ಲಿ ಸುಳ್ಳಿಲ್ಲ. ಆದರೆ ಹೇಳಿದ ಮಾತು ಸತ್ಯವಲ್ಲ.

ಇಷ್ಟು ವರ್ಷಗಳ ಬಳಿಕ ಇಂದಿನ ಸ್ಥಿತಿ ಏನು? ನಾಲ್ಕನೆಯ ಮತ್ತು ಐದನೆಯ ಪೀಳಿಗೆಯ ದೂರವಾಣಿ ಜಾಲಗಳಲ್ಲಿ ಗೋಪುರವೂ ಕೈಯಲ್ಲಿರುವ ಯಂತ್ರವೂ ಕೆಟ್ಟ ಪೊಟ್ಟಣವನ್ನು ತಮ್ಮೊಳಗೇ ಮರುಕಳಿಸಿಕೊಳ್ಳುತ್ತವೆ. ಹೀಗಾಗಿ ನಷ್ಟ ಬಹುಮಟ್ಟಿಗೆ ಮರೆಯಾಗಿದೆ. ಅದರ ಬದಲಿಗೆ ವಿಳಂಬದ ಏರಿಳಿತ ಬಂದಿದೆ. ಉದ್ದನೆಯ ಸರತಿಗಳಲ್ಲಿ ಪೊಟ್ಟಣಗಳು ಕಳೆಯದೆ ಕಾಯುತ್ತಲೇ ಇರುವುದರಿಂದ, ನಷ್ಟವನ್ನೇ ನೋಡುವ ನಿಯಮಕ್ಕೆ ದಟ್ಟಣೆಯ ಸುಳಿವು ತಡವಾಗಿ ತಿಳಿಯುತ್ತದೆ. ೨೦೧೬ರಲ್ಲಿ ಗೂಗಲ್ ಸಂಸ್ಥೆಯ ಸಂಶೋಧಕರು ಬಿಬಿಆರ್ ಎಂಬ ಹೊಸ ನಿಯಮವನ್ನು ಪ್ರಕಟಿಸಿದರು. ಅದು ಕಳೆದುಹೋದುದನ್ನೇ ದಟ್ಟಣೆಯ ಗುರುತೆಂದು ಹಿಡಿಯದೆ, ದಾರಿಯ ವೇಗವನ್ನೂ ಹೋಗಿಬರುವ ಅತಿ ಕಡಿಮೆ ಕಾಲವನ್ನೂ ಅಳೆಯುತ್ತದೆ. ಅದರ ಕರ್ತೃಗಳಲ್ಲಿ ವ್ಯಾನ್ ಜಾಕಬ್ಸನ್ ಅವರೂ ಒಬ್ಬರು. ೧೯೮೮ರಲ್ಲಿ ತಾವೇ ಬರೆದಿಟ್ಟ ನಂಬಿಕೆ ಕಾಲಕ್ಕೆ ಸಲ್ಲದಾದಾಗ ಅದನ್ನು ಬಿಟ್ಟು ಮುಂದೆ ನಡೆಯುವುದು ವಿದ್ವಾಂಸನಿಗೆ ಭೂಷಣವೇ ಸರಿ. ಆದರೆ ಆ ಹೊಸ ನಿಯಮದ ಮೊದಲ ಆವೃತ್ತಿಯೂ ನಿರ್ದುಷ್ಟವಾಗಿರಲಿಲ್ಲ. ಸರತಿ ಚಿಕ್ಕದಾಗಿರುವಲ್ಲಿ ಅದು ಹಳೆಯ ನಿಯಮದವರ ಪಾಲನ್ನೂ ಕಬಳಿಸುತ್ತದೆಂದು ಬೇರೆ ಸಂಶೋಧಕರು ಪರೀಕ್ಷಿಸಿ ತೋರಿಸಿದರು. ಮುಂದಿನ ಆವೃತ್ತಿಯಲ್ಲಿ ನಷ್ಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವಂತೆ ತಿದ್ದಲಾಯಿತು. ಹಿಂಜರಿಯಬಾರದಲ್ಲಿ ಹಿಂಜರಿಯುವುದು ಒಂದು ದೋಷವಾದರೆ, ಹಿಂಜರಿಯಬೇಕಾದಲ್ಲಿ ನುಗ್ಗುವುದು ಅದಕ್ಕಿಂತ ದೊಡ್ಡ ದೋಷ. ಮೊದಲನೆಯದರಿಂದ ಕೆಡುವವನು ತಾನೊಬ್ಬನೇ. ಎರಡನೆಯದರಿಂದ ಕೆಡುವವರು ನೆರೆಯವರೆಲ್ಲ.

ಆದುದರಿಂದ ತಾಯಿತಂದೆಗಳಲ್ಲಿ ನನ್ನದೊಂದು ವಿನಂತಿ. ನಿಮ್ಮ ಮಗನೋ ಮಗಳೋ ಇಂಥ ಪ್ರಾಜೆಕ್ಟಿನ ನಕ್ಷೆಗಳನ್ನು ಮುದ್ರಿಸಿ ತಂದು ತೋರಿಸಿದಾಗ, ನಮಗೆ ತಿಳಿಯದೆಂದು ಪಕ್ಕಕ್ಕೆ ಸರಿಸಬೇಡಿ. ಮೂರು ಪ್ರಶ್ನೆಗಳನ್ನು ಕೇಳಿರಿ. 'ಈ ನಕ್ಷೆಯನ್ನು ಒಂದು ಸಲದ ಆಟದಿಂದ ಬರೆದೆಯೋ, ಹಲವು ಸಲದ ಆಟದಿಂದಲೋ? ನಿನ್ನ ಲೋಕದಲ್ಲಿ ಗುಡ್ಡ, ಗೋಡೆ, ಗುಂಪಾಗಿ ಬರುವ ನಷ್ಟ ಇವೆಯೋ ಇಲ್ಲವೋ? ನಿನ್ನ ನಿಯಮ ಗೆದ್ದಾಗ ಪಕ್ಕದವನ ಪಾಲು ಎಷ್ಟಾಯಿತು?' ಈ ಮೂರನ್ನು ಕೇಳಲು ಗಣಿತ ಬೇಕಿಲ್ಲ. ಇವಕ್ಕೆ ನೇರವಾದ ಉತ್ತರ ಕೊಡಬಲ್ಲ ಮಗು ಒಳ್ಳೆಯ ಎಂಜಿನಿಯರ್ ಆಗುತ್ತದೆ. ಉತ್ತರ ತಿಳಿಯದೆ ಮತ್ತೆ ಗಣಕದ ಮುಂದೆ ಹೋಗಿ ಕುಳಿತ ಮಗುವೂ ಆಗುತ್ತದೆ. ಇವೇಕೆ ಬೇಕು, ಅಂಕ ಬಂದರೆ ಸಾಕೆಂದು ಹೇಳುವ ಮಗುವಿನ ಬಳಿ ಮಾತ್ರ ತುಸು ಹೊತ್ತು ಕುಳಿತು ಮಾತನಾಡಬೇಕು. ಆ ನಿಯಮ ನಾಳೆ ಕಾಗದದಿಂದ ಇಳಿದು ನಾವೆಲ್ಲ ನಡೆಯುವ ದಾರಿಗೆ ಬರುತ್ತದೆ.